ನಾಲ್ಕಡಿ ಉದ್ದದ ದಾರಿ

ಕೇಶವರಾಯರು ಒಂದು ಮಿಕ್ಸರ್ ಕೊಳ್ಳುವುದಕ್ಕೆ ನಾಲ್ಕು ತಿಂಗಳು ತೆಗೆದುಕೊಂಡ ಮನುಷ್ಯ. ಫ್ಯಾನ್ ಕೊಳ್ಳಲು ಹೋಗಿ ಅಂಗಡಿಯವನಿಗೇ ಬೇರಿಂಗಿನ ಬಗ್ಗೆ ಅರ್ಧ ಗಂಟೆ ಪಾಠ ಮಾಡಿ ಬರಿಗೈಯಲ್ಲಿ ಬಂದವರು. ಹೀಗಾಗಿ ಮೂರು ವಾರದಿಂದ ಅವರು ವರಾಂಡದಲ್ಲಿ ಕೂತು, ಕಾಗದದ ಮೇಲೆ ಗೆರೆ ಎಳೆದು, ಯಾವ ಟ್ರೆಡ್‌ಮಿಲ್ಲಿನ ಮೋಟಾರು ಎಷ್ಟು ಶಕ್ತಿಯದು, ಪಟ್ಟಿ ಎಷ್ಟು ಅಗಲ, ಮಡಚಿಡಲು ಬರುತ್ತದೋ ಇಲ್ಲವೋ ಎಂದು ಖಾನೆ ತುಂಬುತ್ತಿದ್ದುದನ್ನು ಕಂಡು ಬರೋಡಾದ ಮಂಜಲ್‌ಪುರದ ಆ ವಸತಿ ಸೊಸೈಟಿಯಲ್ಲಿ ಯಾರಿಗೂ ಆಶ್ಚರ್ಯವಾಗಲಿಲ್ಲ. ಎಪ್ಪತ್ತರ ಹತ್ತಿರ ಬಂದ ಮೇಲೆ ಕೇಶವಭಾಯ್‌ಗೆ ಹೊಟ್ಟೆ ಕರಗಿಸುವ ಹುಚ್ಚು ಹಿಡಿದಿದೆ ಎಂದು ಪಕ್ಕದ ಮನೆಯವರು ನಕ್ಕರು. ರಾಯರು ನಗಲಿ ಎಂದು ಬಿಟ್ಟರು. ಹೊಟ್ಟೆ ಕರಗಬೇಕಾದದ್ದು ನಿಜವೇ. ಆದರೆ ಆ ಯಂತ್ರ ಅವರಿಗಲ್ಲ, ಹೆಂಡತಿ ಪದ್ಮಾಳಿಗೆ. ಅಷ್ಟು ಹೇಳಿದರೆ ಉಳಿದದ್ದನ್ನೂ ಹೇಳಬೇಕಾಗುತ್ತಿತ್ತು.

ಪದ್ಮಾ ನಡೆಯುವವಳು. ಮೂವತ್ತಾರು ವರ್ಷದ ಹಿಂದೆ ಧಾರವಾಡದಿಂದ ಬರೋಡಾಕ್ಕೆ ಬಂದ ಮರುದಿನವೇ ಬೆಳಿಗ್ಗೆ ಆರಕ್ಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಬಿದ್ದವಳು, ಆಮೇಲೆ ಒಂದು ದಿನವೂ ತಪ್ಪಿಸಿರಲಿಲ್ಲ. ರಾಯರು ಆಗ ಸರಕಾರಿ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಎಂಜಿನಿಯರು; ಭಾನುವಾರ ಮಾತ್ರ ಅವಳ ಜೊತೆಗೆ ಹೋಗುತ್ತಿದ್ದರು. ಜೊತೆಗೆ ಎನ್ನುವುದು ಮಾತಿಗೆ, ಹೋಗುತ್ತಿದ್ದುದು ಹಿಂದೆ. ಅವಳು ಹತ್ತು ಮಾರು ಮುಂದೆ ನಿಂತು, ತಿರುಗಿ, "ಏನ್ರೀ, ಮದವಿ ಮೆರವಣಿಗ್ಯಾಗ ಬಂದೀರೇನು? ಲಗೂ ಬರ್ರಿ" ಎಂದು ರಸ್ತೆಗೆಲ್ಲ ಕೇಳುವ ಹಾಗೆ ಕರೆಯುತ್ತಿದ್ದಳು. ಬರುವಾಗ ತರಕಾರಿಯವಳ ಹತ್ತಿರ ಅಪ್ಪಟ ಗುಜರಾತಿಯಲ್ಲಿ ಜಗಳ ಆಡಿ, ಒಂದು ಕಟ್ಟು ಕೊತ್ತಂಬರಿಯನ್ನು ಪುಕ್ಕಟೆ ಹಾಕಿಸಿಕೊಂಡು ಬರುತ್ತಿದ್ದಳು. ಆ ಗುಜರಾತಿ ಕೇಳಿ ತರಕಾರಿಯವಳೇ ಒಮ್ಮೆ, "ಬೆನ್, ನೀವು ಸೌರಾಷ್ಟ್ರದ ಕಡೆಯವರಾ?" ಎಂದು ಕೇಳಿದ್ದಳಂತೆ. ಆ ಹೊಗಳಿಕೆಯನ್ನು ಪದ್ಮಾ ವರ್ಷಗಟ್ಟಲೆ ಹೇಳಿಕೊಂಡು ಓಡಾಡಿದಳು.

ಆ ಗುಜರಾತಿ ಈಗ ಇಲ್ಲ. ಎರಡು ವರ್ಷದಿಂದ ಸ್ವಲ್ಪ ಸ್ವಲ್ಪವಾಗಿ ಹೋಯಿತು. ಹಿಂದೆಯೇ ಹಿಂದಿ ಹೋಯಿತು. ಕೆಲವರಲ್ಲಿ ಕಡೆಗೆ ಕಲಿತ ಭಾಷೆ ಮೊದಲು ಜಾರುವುದುಂಟು ಎಂದು ಡಾಕ್ಟರು ಬಹಳ ಮೆತ್ತಗೆ ಹೇಳಿದರು. ಮರೆವಿನ ಕಾಯಿಲೆಯ ಹೆಸರನ್ನು ಚೀಟಿಯ ಮೇಲೆ ಬರೆದರೇ ಹೊರತು ಬಾಯಲ್ಲಿ ಆಡಲಿಲ್ಲ. ಉಳಿದದ್ದು ಕನ್ನಡವೊಂದೇ. ಅದರಲ್ಲಿ ಮಾತ್ರ ಪದ್ಮಾ ಹಳೆಯ ಪದ್ಮಾಳೇ, ಅದೇ ಜೋರು.

ಕಳೆದ ತಿಂಗಳು ಹೀಗಾಯಿತು. ಆರಕ್ಕೆ ಹೋದವಳು ಒಂಬತ್ತಾದರೂ ಬರಲಿಲ್ಲ. ರಾಯರು ನೋಯುವ ಮೊಣಕಾಲು ಎಳೆದುಕೊಂಡು ಉದ್ಯಾನ, ತರಕಾರಿ ಸಂತೆ, ಗುಡಿ ಎಲ್ಲ ಸುತ್ತಿ, ಇನ್ನು ಪೊಲೀಸರ ಹತ್ತಿರ ಹೋಗುವುದೇ ಎನ್ನುವಷ್ಟರಲ್ಲಿ ಫೋನ್ ಬಂತು. ಮಕರಪುರದ ಕಡೆ ಉಡುಪಿ ಹೋಟೆಲು ನಡೆಸುವ ಗಣಪತಿಯವರು. ಕನ್ನಡ ಸಂಘದ ಯುಗಾದಿ ಊಟದಲ್ಲಿ ವರ್ಷಕ್ಕೊಮ್ಮೆ ಸಿಗುವ ಗುರುತು.

"ರಾಯ್ರೇ, ಗಾಬರಿ ಮಾಡ್ಬೇಡಿ ಮಾರಾಯ್ರೆ, ಅಮ್ಮ ಇಲ್ಲಿದ್ದಾರೆ. ಇಡ್ಲಿ ತಿಂತಾ ಇದ್ದಾರೆ."

ಪದ್ಮಾ ಒಂದು ಕಾರ್ಖಾನೆಯ ಗೇಟಿನ ಮುಂದೆ ನಿಂತಿದ್ದಳಂತೆ. ಕಾವಲಿನವನು ಹಿಂದಿಯಲ್ಲಿ ಕೇಳಿದ, ಗುಜರಾತಿಯಲ್ಲಿ ಕೇಳಿದ. ಇವಳು ಹೇಳಿದ ಒಂದಕ್ಷರವೂ ಅವನಿಗೆ ತಿಳಿಯಲಿಲ್ಲ. ಕೊನೆಗೆ ಅವನಿಗೆ ಹೊಳೆದ ಉಪಾಯ ನೋಡಿ: ಈ ಭಾಷೆ ದೋಸೆಯ ಹೋಟೆಲಿನವರು ಆಡುವ ಭಾಷೆಯ ಹಾಗಿದೆ ಎಂದು ಆಟೋ ಹತ್ತಿಸಿ ಗಣಪತಿಯವರ ಗಲ್ಲಾದ ಮುಂದೆ ತಂದು ನಿಲ್ಲಿಸಿದ. ಆ ಪುಣ್ಯಾತ್ಮನ ಹೊಟ್ಟೆ ತಣ್ಣಗಿರಲಿ. ರಾಯರು ಹೋದಾಗ ಪದ್ಮಾ ಚಟ್ನಿ ನೀರಾಗಿದೆ ಎಂದು ಮಾಣಿಗೆ ಬೈಯುತ್ತಿದ್ದಳು.

"ಎಲ್ಲಿಗೆ ಹೊಂಟಿದ್ದಿ ಪದ್ಮಾ?"

"ಇನ್ನೆಲ್ಲಿಗೆ? ಮನೀಗೆ!" ಎಂದಳು. ಎಂಥ ದಡ್ಡ ಪ್ರಶ್ನೆ ಎನ್ನುವಂತಿತ್ತು ಅವಳ ಮುಖ.

ಮರುದಿನ ರಾಯರು ಗೇಟಿಗೆ ಬೀಗ ಹಾಕಿದರು. ಆರು ಗಂಟೆಗೆ ಪದ್ಮಾ ಚಪ್ಪಲಿ ಮೆಟ್ಟಿ ಹೋಗಿ ಗೇಟು ಅಲುಗಾಡಿಸಿದಳು. ಮೊದಲು ಸಿಟ್ಟಿನಿಂದ, ಆಮೇಲೆ ಎರಡೂ ಕೈಯಿಂದ. "ಯಾರರೆ ಬಾಗ್ಲಾ ತಗೀರ್ರೀ! ನಮ್ಮ ಮನೀಗೆ ಹೋಗಬೇಕ್ರೀ!" ಎಂದು ಬೀದಿಗೆ ಕೂಗಿದಳು. ಹಾಲಿನವನು ಸೈಕಲ್ ನಿಲ್ಲಿಸಿ ನೋಡಿದ. ವಾಕಿಂಗಿಗೆ ಹೊರಟ ನಾಲ್ಕು ಜನ ನೋಡಿದರು. ಒಬ್ಬರಿಗೂ ಅವಳು ಏನು ಹೇಳುತ್ತಿದ್ದಾಳೆಂದು ತಿಳಿಯಲಿಲ್ಲ. ತಿಳಿದಿದ್ದವರು ಒಬ್ಬರೇ, ಬೀಗದ ಕೈ ಜೇಬಿನಲ್ಲಿ ಇಟ್ಟುಕೊಂಡು ಬಾಗಿಲ ಹಿಂದೆ ನಿಂತಿದ್ದವರು. ರಾಯರಿಗೆ ತಮ್ಮ ಮೇಲೆ ತಮಗೇ ಹೇಸಿಕೆಯಾಯಿತು.

ಜೊತೆಗೆ ಹೋಗೋಣವೆಂದರೆ ಮೊಣಕಾಲು ಎರಡನೆಯ ತಿರುವಿಗೇ ಕೈ ಕೊಡುತ್ತಿತ್ತು. ಪದ್ಮಾಳ ಕಾಲಿಗೆ ಮಾತ್ರ ಏನೂ ಆಗಿರಲಿಲ್ಲ. ನೋಡಿಕೊಳ್ಳಲು ಒಬ್ಬ ಹೆಣ್ಣುಮಗಳನ್ನು ಇಟ್ಟರು. ಗುಜರಾತಿಯಲ್ಲಿ ಮಾತಾಡುವ ಈ ಅಪರಿಚಿತಳು ಕಳ್ಳಿಯೇ ಸರಿ ಎಂದು ಪದ್ಮಾ ಮೂರನೆಯ ದಿನ ಲಟ್ಟಣಿಗೆ ಹಿಡಿದು ನಿಂತಳು. ಆ ಹೆಣ್ಣುಮಗಳು ಮತ್ತೆ ಬರಲಿಲ್ಲ. ನಡೆಯದೆ ಇದ್ದರೆ ಪದ್ಮಾಳಿಗೆ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ದಿನವಿಡೀ ಅಡಿಗೆಮನೆಯಿಂದ ಗೇಟಿಗೆ, ಗೇಟಿನಿಂದ ಅಡಿಗೆಮನೆಗೆ. ಹೀಗಿರುವಾಗ ಟ್ರೆಡ್‌ಮಿಲ್ ತಂದುಬಿಡಿ ಎಂದವಳು ಮಗಳು ನಿಕಿತಾ. ಸೂರತ್ತಿನ ಹಜೀರಾದಲ್ಲಿ ಗಂಡನ ಕಂಪನಿಯ ಕಾಲೊನಿಯಲ್ಲಿ ಇರುತ್ತಾಳೆ, ಅಲ್ಲೇ ಶಾಲೆಯಲ್ಲಿ ಕೆಲಸ.

"ಪಪ್ಪಾ, ತಗೊಂಡ್ ಬಿಡಿ ನಾ. ಇಸ್ ಮೇ ಸೋಚ್ನಾ ಕ್ಯಾ ಹೈ? ಮಮ್ಮಿ ಸೇಫ್ ಇರ್ತಾಳೆ, ವಾಕಿಂಗ್ ಭೀ ಆಗ್ತದೆ."

"ನಿಮ್ಮಮ್ಮನ ಕೂಡ ಮಾತಾಡು" ಎಂದು ರಾಯರು ಫೋನನ್ನು ಪದ್ಮಾಳ ಕಿವಿಗಿಟ್ಟರು. ಅವಳು ಒಂದೇ ಉಸಿರಿಗೆ ಏನೇನೋ ಹೇಳಿದಳು. ಬಾಣಂತಿ ಆಗಿದ್ದಾಗ ಕೂಸು ಹೇಗೆ ಅಳುತ್ತಿತ್ತು, ಯಾವ ಲಾಲಿ ಹೇಳಿದರೆ ಸುಮ್ಮನಾಗುತ್ತಿತ್ತು ಎಂದೆಲ್ಲ. ನಿಕಿತಾ ಚಿಕ್ಕಂದಿನಿಂದ ಮನೆಯಲ್ಲೂ ಹಿಂದಿ ಆಡಿ ಬೆಳೆದವಳು; ಅವಳ ಹರಕುಮುರುಕು ಕನ್ನಡಕ್ಕೆ ತಾಯಿಯ ಈ ಓಟ ಹತ್ತುವಂಥದಲ್ಲ. ಬರೋಡಾದಲ್ಲಿ ಕನ್ನಡ ಕಟ್ಟಿಕೊಂಡು ಏನು ಮಾಡುವುದಿದೆ ಎಂದು ಆಗ ಹೇಳಿದವರು ರಾಯರೇ. ಆ ಕಡೆಯಿಂದ "ಹಾಂ ಮಮ್ಮಿ, ಹಾಂ, ಆಪ್ ಠೀಕ್ ಹೋ?" ಎಂದು ಕೇಳಿಸಿತು. ಪದ್ಮಾ ಫೋನನ್ನು ದೂರ ಹಿಡಿದು ನೋಡಿ, ಗಂಡನಿಗೆ ವಾಪಸು ಕೊಟ್ಟಳು.

"ಯಾರೋ ಹಿಂದೀಯವ್ರು. ರಾಂಗ್ ನಂಬರ ಇರಬೇಕು."

"ಮಮ್ಮಿ ಏನು ಹೇಳಿದ್ಳು ಪಪ್ಪಾ?" ಎಂದು ನಿಕಿತಾ ಕೇಳಿದಳು.

"ನಿನ್ನ ಊಟ ಆತೇನು ಅಂತ ಕೇಳಿದ್ಲವ್ವಾ" ಎಂದರು ರಾಯರು.

ಗಣಪತಿಯವರಿಗೆ ಯಂತ್ರದ ಸುದ್ದಿ ಹಿಡಿಸಲಿಲ್ಲ. "ಬೀದಿ ಇರುವಾಗ ಮಿಷನ್ ಎಂತಕ್ಕೆ ರಾಯ್ರೇ?" ಎಂದರು. ಹಾಗಾದರೆ ಇನ್ನೇನು ಮಾಡಲಿ ಎಂದು ರಾಯರು ಕೇಳಿದಾಗ ಅವರು ಗಲ್ಲಾದ ಮೇಲಿನ ಜೀರಿಗೆ ಪೆಪ್ಪರಮಿಂಟು ಸರಿಮಾಡಿದರು. ಆಮೇಲೆ ನಾಲ್ಕು ಗೋಳಿಬಜೆ ಕಟ್ಟಿಸಿ ಕೊಟ್ಟರು. ಅವರಾದರೂ ಇನ್ನೇನು ಮಾಡಿಯಾರು?

ಖಾನೆಗಳೆಲ್ಲ ತುಂಬಿದ್ದವು. ಯಾವ ಯಂತ್ರ ಒಳ್ಳೆಯದು ಎನ್ನುವುದು ಮೊದಲ ವಾರದಲ್ಲೇ ಗೊತ್ತಾಗಿತ್ತು. ಆದರೂ ರಾಯರು ಗೆರೆ ಎಳೆಯುತ್ತಲೇ ಇದ್ದರು. ಯಾಕೆಂದರೆ ಯಂತ್ರ ಒಳಗೆ ಬಂದ ದಿನ ಗೇಟಿನ ಬೀಗ ಕಾಯಂ ಆಗುತ್ತದೆ. ಇನ್ನು ಪದ್ಮಾ ಬೀದಿಗೆ ಕಾಲಿಡುವುದಿಲ್ಲ ಎಂದು ತಾವೇ ಬರೆದು ಸಹಿ ಹಾಕಿದ ಹಾಗೆ. ತರದಿದ್ದರೆ ಇನ್ನೊಂದು ಬೆಳಿಗ್ಗೆ ಅವಳು ಹೋಗುತ್ತಾಳೆ, ಆ ದಿನ ಅವಳನ್ನು ಉಡುಪಿ ಹೋಟೆಲಿಗೆ ಕರೆತರುವ ಪುಣ್ಯಾತ್ಮ ಸಿಕ್ಕದೆಯೂ ಹೋಗಬಹುದು. ಎರಡರಲ್ಲಿ ಯಾವುದನ್ನು ನೆನೆದರೂ ರಾಯರು ಇನ್ನೊಂದು ಖಾನೆಗೆ ಗೆರೆ ಎಳೆಯುತ್ತಿದ್ದರು.

ಕೊನೆಗೊಂದು ಶನಿವಾರ ಅವಳನ್ನೇ ಕರೆದುಕೊಂಡು ಅಲ್ಕಾಪುರಿಯ ಅಂಗಡಿಗೆ ಹೋದರು. ಅವಳಿಗೆ ಬೇಡವಾದರೆ ಬೇಡ. ಜೀವಮಾನದಲ್ಲಿ ಮೊದಲ ಸಲ ಒಂದು ತೀರ್ಮಾನವನ್ನು ಇನ್ನೊಬ್ಬರ ತಲೆಗೆ ಕಟ್ಟುವ ಆಸೆ ರಾಯರಿಗೆ ಹುಟ್ಟಿತ್ತು.

ಟೈ ಕಟ್ಟಿದ ಮಾರಾಟಗಾರ ಬಹಳ ಮರ್ಯಾದೆಯಿಂದ ಪದ್ಮಾಳನ್ನು ಪಟ್ಟಿಯ ಮೇಲೆ ಹತ್ತಿಸಿದ. ಕೆಂಪು ದಾರವೊಂದರ ತುದಿಯ ಕ್ಲಿಪ್ಪನ್ನು ಅವಳ ಸೆರಗಿಗೆ ಸಿಕ್ಕಿಸಿದ. ನಡೆಯುವವರು ಹಿಂದೆ ಜಾರಿದರೆ ದಾರ ಜಗ್ಗಿ, ಇನ್ನೊಂದು ತುದಿಯ ಕೀಲಿ ಕಳಚಿ, ಯಂತ್ರ ತಾನೇ ನಿಲ್ಲುತ್ತದೆ ಎಂದು ವಿವರಿಸಿದ. ಕಾರ್ಖಾನೆಯ ಬಾಯ್ಲರುಗಳಿಗೆ ಇಂಥದೇ ಏರ್ಪಾಡು ಮಾಡಿ ಇಡೀ ನೌಕರಿ ಕಳೆದ ರಾಯರು ಬೇರೆ ದಿನವಾಗಿದ್ದರೆ ಅವನಿಗೆ ನೂರು ಪ್ರಶ್ನೆ ಕೇಳುತ್ತಿದ್ದರು. ಇವತ್ತು ತಲೆ ಅಲ್ಲಾಡಿಸಿ ಪಕ್ಕದಲ್ಲಿ ನಿಂತರು.

ಪಟ್ಟಿ ಮೆಲ್ಲಗೆ ಚಲಿಸಿತು. ಪದ್ಮಾ ಒಂದು ಕ್ಷಣ ತಡಬಡಿಸಿ ಹಿಡಿ ಹಿಡಿದುಕೊಂಡಳು. ಆಮೇಲೆ ಕಾಲು ತಾನೇ ಲಯ ಹಿಡಿಯಿತು. ಮೂವತ್ತಾರು ವರ್ಷ ನಡೆದ ಕಾಲು ಅದು. ಅದಕ್ಕೆ ಯಾವುದೂ ಮರೆತಿರಲಿಲ್ಲ. ಒಂದು ತಿಂಗಳಿನಿಂದ ಗಂಟಿಕ್ಕಿದ್ದ ಮುಖ ಬಿಚ್ಚಿಕೊಂಡಿತು. ಕೈ ಬೀಸಿ ನಡೆಯತೊಡಗಿದಳು. ಐದು ನಿಮಿಷವಾದ ಮೇಲೆ ಪಕ್ಕಕ್ಕೆ ತಿರುಗಿ ಗಂಡನನ್ನು ನೋಡಿದಳು. ನೋಡಿ, ಕಣ್ಣರಳಿಸಿದಳು.

"ಏನ್ರೀ, ಇವತ್ತ ನೀವು ಹಿಂದ ಉಳದೇ ಇಲ್ಲ ನೋಡ್ರಿ! ಸರಿಯಾಗಿ ನನ್ನ ಜೋಡೀನ ಬರ್ಲಿಕತ್ತೀರಿ!"

ರಾಯರು ನಿಂತಲ್ಲೇ ನಿಂತಿದ್ದರು. "ಹೂಂ" ಎಂದರು. ಮೊಣಕಾಲಿನ ನೋವು ಮರೆತೇ ಹೋಗಿತ್ತು. ಇಷ್ಟು ವರ್ಷದಲ್ಲಿ ಅವಳನ್ನು ಇಷ್ಟು ಸುಲಭವಾಗಿ ಸಂತೋಷಪಡಿಸಿದ್ದು ಅವರಿಗೆ ನೆನಪಿರಲಿಲ್ಲ. ಕಾಗದ, ಖಾನೆ, ಎಲ್ಲ ಮರೆತು ಮಾರಾಟಗಾರನಿಗೆ ಇದೇ ಇರಲಿ ಎಂದುಬಿಟ್ಟರು. ಮಿಕ್ಸರಿಗೆ ನಾಲ್ಕು ತಿಂಗಳು ತೆಗೆದುಕೊಂಡವರು ಇವರೇನಾ ಎಂದು ನಿಕಿತಾ ಇದ್ದಿದ್ದರೆ ಕೇಳುತ್ತಿದ್ದಳು.

ಸೋಮವಾರ ಇಬ್ಬರು ಬಂದು ಯಂತ್ರವನ್ನು ನಡುಮನೆಯಲ್ಲಿ, ಕಿಟಕಿಯ ಹತ್ತಿರ ಜೋಡಿಸಿ ಹೋದರು. ಮಂಗಳವಾರ ಬೆಳಿಗ್ಗೆ ಆರಕ್ಕೆ ಪದ್ಮಾ ಎಂದಿನಂತೆ ಚಪ್ಪಲಿ ಮೆಟ್ಟಿ, ಕೈಚೀಲ ಹಿಡಿದು ಬಂದಳು. "ಈ ಕಡೆ ಬಾ ಪದ್ಮಾ, ಇವತ್ತ ಈ ದಾರೀಲೆ ಹೋಗೂಣು" ಎಂದು ರಾಯರು ಕೈಹಿಡಿದು ಹತ್ತಿಸಿದರು. ಕೆಂಪು ದಾರದ ಕ್ಲಿಪ್ಪು ಸೆರಗಿಗೆ ಸಿಕ್ಕಿಸಿದರು. ತಾವು ಪಕ್ಕದಲ್ಲಿ ಹಿಡಿ ಹಿಡಿದು ನಿಂತರು.

ಪದ್ಮಾ ನಡೆದಳು. ಮಾತಾಡುತ್ತ ನಡೆದಳು. ಧಾರವಾಡದ ಮಾಳಮಡ್ಡಿಯ ತವರುಮನೆಯ ಅಂಗಳದ ಪಾರಿಜಾತ, ಅವ್ವ ಹಚ್ಚಿಟ್ಟಿರುವ ಒಲೆ, ಹೊತ್ತಾದರೆ ಅಪ್ಪ ಬೈಯುವುದು. ರಾಯರು ಎಲ್ಲಕ್ಕೂ ಹೂಂಗುಟ್ಟಿದರು. ಹದಿನೈದು ನಿಮಿಷ, ಇಪ್ಪತ್ತು ನಿಮಿಷ. ಮಾತು ಕಡಿಮೆಯಾಯಿತು. ಅವಳ ಕಣ್ಣು ಕಿಟಕಿಯ ಮೇಲೆ ನೆಟ್ಟಿತು. ಹೊರಗೆ ಅದೇ ಗೇಟು, ಅದೇ ಬೀಗ, ಅದೇ ಬೇವಿನ ಮರ.

"ಇಷ್ಟೊತ್ತು ನಡದ್ರೂ ಮನಿ ಯಾಕ ಬರವಲ್ದು ರೀ?"

ಮೀಟರು ತೋರುವ ಅಂಕಿ ಸರಿಯಿರಬೇಕು, ಸುಳ್ಳು ಅಂಕಿಯಿಂದ ಜೀವ ಹೋಗುತ್ತದೆ ಎಂದು ಕಾರ್ಖಾನೆಯಲ್ಲಿ ಕೈಕೆಳಗಿನವರಿಗೆ ಹೇಳುತ್ತ ಬಂದ ಮನುಷ್ಯ, "ಇನ್ನ ಸ್ವಲ್ಪ ಅದ. ಆ ತಿರುವು ದಾಟಿದ್ರ ಬಂತು" ಎಂದರು.

ಅವಳು ನಂಬಿದಳು. ಇನ್ನೂ ಹತ್ತು ನಿಮಿಷ ನಡೆದಳು. ಆಮೇಲೆ ದಣಿದು ಹೆಜ್ಜೆ ಹಿಂದೆ ಬಿತ್ತು, ದಾರ ಜಗ್ಗಿತು, ಕೀಲಿ ಕಳಚಿ ಯಂತ್ರ ನಿಂತಿತು. ರಾಯರು ತೋಳು ಹಿಡಿದು ಇಳಿಸಿಕೊಂಡರು. ಪದ್ಮಾ ಸುತ್ತ ನೋಡಿದಳು. ತಾನೇ ಹೊಲಿದ ಪರದೆ, ತಾನೇ ಆರಿಸಿದ ಸೋಫಾ, ಗೋಡೆಯ ಮೇಲೆ ನಿಕಿತಾಳ ಮದುವೆಯ ಫೋಟೋ. ಪರರ ಮನೆಗೆ ಹೋದವರ ಹಾಗೆ ಚಪ್ಪಲಿಯನ್ನು ಯಂತ್ರದ ಬುಡದಲ್ಲಿ ಓರಣವಾಗಿ ಬಿಟ್ಟು, ಸೆರಗು ಹೊದ್ದು, ಸೋಫಾದ ಅಂಚಿನಲ್ಲಿ ಕೂತಳು. ಕೆಂಪು ದಾರ, ಅದರ ತುದಿಗೆ ಕೀಲಿ, ಹಾಗೇ ಸೆರಗಿನಿಂದ ನೇತಾಡುತ್ತಿದ್ದವು.

"ಇದು ಯಾರ ಮನೀರೀ?" ಎಂದು ಮೆಲ್ಲಗೆ ಕೇಳಿದಳು.

ರಾಯರು ಒಳಗೆ ಹೋಗಿ ಚಹಾ ಮಾಡಿ ತಂದು ಕೊಟ್ಟರು. ಅವಳು ಎರಡೂ ಕೈಯಿಂದ ಕಪ್ಪು ತೆಗೆದುಕೊಂಡು, ಅತಿಥಿಗಳು ಕುಡಿಯುವ ಹಾಗೆ ಸದ್ದಿಲ್ಲದೆ ಕುಡಿದಳು. ಗಂಡನ ಕಡೆ ನೋಡಿ ನಕ್ಕಳು. "ಪಾಪ, ಈ ಮನಿಯವ್ರು ಭಾಳ ಛಲೋ ಮಂದಿ ಇದ್ದಾರ" ಎಂದಳು. ಖಾಲಿ ಕಪ್ಪನ್ನು ಕೆಳಗಿಟ್ಟು, ಚೀಲ ಕೈಗೆತ್ತಿಕೊಂಡು ಎದ್ದು ನಿಂತಳು.

"ನಡೀರಿ, ಹೋಗೂಣು. ಮನ್ಯಾಗ ದಾರಿ ಕಾಯ್ಲಿಕತ್ತಿರ್ತಾರ."

ರಾಯರು ಗೇಟಿನ ಕಡೆ ನೋಡಿದರು. ಜೇಬಿನಲ್ಲಿದ್ದ ಬೀಗದ ಕೈ ಮುಟ್ಟಿ ನೋಡಿಕೊಂಡರು. ಆಮೇಲೆ ಅವಳ ಸೆರಗಿನಿಂದ ನೇತಾಡುತ್ತಿದ್ದ ದಾರವನ್ನು ಹಿಡಿದು, ಅದರ ಕೀಲಿಯನ್ನು ಮತ್ತೆ ಯಂತ್ರದೊಳಗೆ ಸಿಕ್ಕಿಸಿದರು.