ಎರಡು ಬೆರಳು ಹೊಲಿದ ಗ್ಲೌಸು

"ಉಂಡಿದ್ದೆಲ್ಲ ಎಲ್ಲಿಗೆ ಹೋಯ್ತ್ರೋ, ಹೆಣಗಳಾ? ಒಂದು ತಗಡು ಎತ್ತೋಕೆ ಇಷ್ಟು ತಿಣುಕ್ತೀರಲ್ಲ! ನಮ್ಮವ್ವ ಆಗಿದ್ರೆ ಕಂಕುಳಲ್ಲಿ ಇರುಕ್ಕೊಂಡು ಹೋಗೋಳು!"

ಮ್ಯಾನೇಜರ್ ಉಮೇಂದ್ರ ಕಚೇರಿಯ ಮೆಟ್ಟಿಲ ಮೇಲೆ ನಿಂತು ಕೂಗುತ್ತಿದ್ದ. ಕೆಳಗೆ ಸ್ಟೇನ್‌ಲೆಸ್ ಸ್ಟೀಲಿನ ತಗಡೊಂದನ್ನು ಮೂವರು ಹೊತ್ತು ತರುತ್ತಿದ್ದರು. ಬಾಗಿಲಿನಷ್ಟು ಅಗಲ, ಬಾಗಿಲಿಗಿಂತ ಉದ್ದ, ಒಬ್ಬ ಆಳಿನ ತೂಕ. ಮುಂದೆ ಮುದುಕ ಇಸಿಕೇಲಿ, ಹಿಂದೆ ರಮ್ಜಾನ್, ಪಕ್ಕದಲ್ಲಿ ಇನ್ನೊಬ್ಬ. ನಾಲ್ಕನೇ ಮೂಲೆ ನೆಲದ ಕಡೆಗೆ ಜೋಲುತ್ತಿತ್ತು.

"ಹಂಗಾದ್ರೆ ಅವ್ವನ್ನ ಕರ್ಕೊಂಬನ್ನಿ ಸಾರ್, ಒಂದು ಮೂಲೆ ಖಾಲಿ ಐತೆ" ಎಂದ ರಮ್ಜಾನ್, ಏದುಸಿರಿನಲ್ಲೇ.

"ನಾಲಗೆ ಸೀಳಿಬಿಟ್ಟೇನು, ಬೋಳಿಮಗನೇ! ಖಾಲಿ ಯಾಕೈತೆ? ಅಲ್ಲಿ ಕಸ ಗುಡಿಸ್ಕೊಂಡು ನಿಂತವ್ನಲ್ಲ ಮದುಮಗ, ಅವನಿಗೇನು ಬಂತು? ಏ ಅಪೆನಿಸಾ! ಸೋಮವಾರದಿಂದ ನಿನ್ನ ಮೂಲೆ ನೀನು ಹಿಡಿ. ಆಗಲ್ಲ ಅಂದ್ರೆ ನಿಮ್ಮ ದ್ವೀಪಕ್ಕೆ ಹೋಗಿ ಮರಗೆಣಸು ಅಗಿ."

ಅಪೆನಿಸಾ ಪೊರಕೆ ಹಿಡಿದು ನಿಂತೇ ಇದ್ದ. ಅವನ ಬಲಗೈಯ ಕೊನೆಯ ಎರಡು ಬೆರಳು ಅಂಗೈಯೊಳಕ್ಕೆ ಮಡಿಚಿಕೊಂಡಿವೆ, ಬಿಚ್ಚುವುದಿಲ್ಲ. ಆ ಕೈಯಲ್ಲಿ ತಗಡಿನ ಅಂಚು ಹಿಡಿದರೆ ಇನ್ನೊಮ್ಮೆ ಜಾರುತ್ತದೆ, ಆಗ ಉಳಿದ ಬೆರಳೂ ಉಳಿಯುವುದಿಲ್ಲ ಎಂದು ಡಾಕ್ಟರು ಹೇಳಿದ್ದರು.

ನಾನು ಲಾಟೋಕಾ ಎಂಬ ಈ ದ್ವೀಪದೂರಿನ ತಗಡಿನ ಕಾರ್ಖಾನೆಯ ಉಗ್ರಾಣದ ಕಿಟಕಿಯಲ್ಲಿ ಕೂರುವವಳು. ಬೋಲ್ಟು, ರಿವೆಟ್ಟು, ಗ್ಲೌಸು ಕೊಡುವುದು ನನ್ನ ಕೆಲಸ. ಅದಕ್ಕೂ ಮೊದಲು ಶಾಲೆಯಲ್ಲಿದ್ದೆ. ಉಮೇಂದ್ರ ನಾಲ್ಕನೇ ತರಗತಿಯಲ್ಲಿ ನನ್ನ ಕೈಯಲ್ಲೇ ಕಲಿತವನು. ಈಗಲೂ ಟೀಚರ್ ಎನ್ನುತ್ತಾನೆ. ಉಳಿದವರಿಗೆಲ್ಲ ನಾನು ಬೂಬೂ, ಅಜ್ಜಿ.

ಅಪೆನಿಸಾ ಕೈ ಕೊಯ್ದುಕೊಂಡದ್ದು ಎರಡು ತಿಂಗಳ ಹಿಂದೆ. ಎಣ್ಣೆ ಪಸೆಯ ತಗಡು ಕೈಯೊಳಗೇ ಜಾರಿತು. ನಾನು ಸೆರಗಿನಿಂದ ಕಟ್ಟಿದೆ. ಉಮೇಂದ್ರನೇ ತನ್ನ ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದ. ಸೀಟೆಲ್ಲ ರಕ್ತವಾಯಿತು, ಅದರ ಬಗ್ಗೆ ಅವನು ಒಂದು ಮಾತೂ ಆಡಲಿಲ್ಲ, ಅದನ್ನೂ ಹೇಳಬೇಕು. ಆದರೆ ಮೂರನೇ ದಿನ ಅಪೆನಿಸಾನ ಸೋದರಮಾವನ ಮನೆಗೆ ಕ್ಷಮೆ ಕೇಳುವವರು ಒಯ್ಯುವ ಯಾಂಗೋನ ಎಂಬ ಬೇರಿನ ಕಟ್ಟು ಹಿಡಿದು ಹೋದ. ಬಾಗಿಲ ಬಳಿ ಚಾಪೆಯ ಮೇಲೆ ತಲೆ ಬಾಗಿಸಿ ಕೂತ. ತಪ್ಪಾಯಿತು, ಇಲ್ಲಿಗೆ ಹೂತುಬಿಡೋಣ ಎಂದ. ಹಾಗೆ ಬಂದವನನ್ನು ವಾಪಸು ಕಳಿಸುವ ಪದ್ಧತಿ ಇವರಲ್ಲಿಲ್ಲ. ಮಾವ ಕಟ್ಟನ್ನು ಮುಟ್ಟಿ ಚಪ್ಪಾಳೆ ತಟ್ಟಿದ. ಚಪ್ಪಾಳೆ ತಟ್ಟಿದ ಮೇಲೆ ಆ ಮಾತು ಯಾರೂ ಎತ್ತುವಂತಿಲ್ಲ, ಎತ್ತಿದರೆ ಮನೆತನಕ್ಕೇ ಅವಮಾನ. ದೂರು ಕೊಡಲು ಕಾರ್ಮಿಕ ಕಚೇರಿಗೆ ಯಾರೂ ಹೋಗಲಿಲ್ಲ. ಉಮೇಂದ್ರ ಇದೇ ಊರಲ್ಲಿ ಹುಟ್ಟಿ ಬೆಳೆದವನು, ಯಾವ ಬಾಗಿಲಲ್ಲಿ ಎಷ್ಟು ಬಾಗಬೇಕೆಂದು ಅವನಿಗೆ ಗೊತ್ತಿತ್ತು.

ಬ್ರಿಸ್ಬೇನಿನಲ್ಲಿರುವ ಮಾಲೀಕ ಮಾತ್ರ ತಗಡು ಎತ್ತುವ ಯಂತ್ರವೊಂದನ್ನು ಕೊಳ್ಳಲು ಒಪ್ಪಿದ್ದ. ಸೂರಿನ ಉದ್ದಕ್ಕೂ ಓಡಾಡುವ ಕ್ರೇನು ನಮ್ಮಲ್ಲಿ ಮೊದಲೇ ಇತ್ತು. ಅದರ ಕೊಕ್ಕೆಗೆ ಏನನ್ನು ನೇತುಹಾಕಬೇಕು ಎನ್ನುವುದಷ್ಟೇ ಪ್ರಶ್ನೆ.

ಮಧ್ಯಾಹ್ನ ಎಲ್ಲರೂ ನನ್ನ ಕಿಟಕಿಯ ಕೆಳಗೇ ಬುತ್ತಿ ಬಿಚ್ಚುತ್ತಿದ್ದರು. ಪಕ್ಕದ ಸಕ್ಕರೆ ಕಾರ್ಖಾನೆಯ ಕರಿಬೂದಿ ಅನ್ನದ ಮೇಲೆ ಉದುರುತ್ತದೆಂದು ಇಸಿಕೇಲಿ ತನ್ನ ಟೋಪಿಯನ್ನು ಅಪೆನಿಸಾನ ತಟ್ಟೆಯ ಮೇಲೆ ಹಿಡಿದಿದ್ದ. ಎಡಗೈಯಲ್ಲಿ ತಿನ್ನುವವನು ನಿಧಾನ.

"ಇಕ್ಕುಳದ್ದು ಬ್ಯಾಡ" ಎಂದ ಇಸಿಕೇಲಿ. "ಅಂಚು ಕಚ್ಚಿ ಗಾಯ ಮಾಡ್ತದೆ. ತೆಳ್ಳಂದು ನಡೂಕೆ ಒದ್ದೆ ಬಟ್ಟೆ ಹಂಗೆ ಜೋತುಬೀಳ್ತದೆ. ಜಾರಿದ್ರೆ ತಲೇನೇ ಕತ್ತರಿಸ್ಕೊಂಡು ಹೋಗ್ತದೆ."

"ಅಯಸ್ಕಾಂತ?" ಎಂದೆ ನಾನು. ಬಿದ್ದ ಸ್ಕ್ರೂ ಹೆಕ್ಕಲು ನನ್ನ ಬಳಿ ಒಂದಿತ್ತು.

ಅಪೆನಿಸಾ ಅದನ್ನು ಇಸಿದುಕೊಂಡು ಸ್ಟೇನ್‌ಲೆಸ್ ತುಂಡಿನ ಮೇಲಿಟ್ಟು ಓರೆ ಮಾಡಿದ. ಅದು ಜಾರಿ ಅವನ ತೊಡೆಯ ಮೇಲೆ ಬಿತ್ತು.

"ನೋಡಿದ್ರಾ ಬೂಬೂ? ನಾವು ಜಾಸ್ತಿ ಮಾಡೋದು ಹೋಟೆಲಿನ ಅಡುಗೆಕಟ್ಟೆ, ಸಿಂಕು. ಎಲ್ಲ ಇದೇ ಮಾಲು. ಇದು ಅಯಸ್ಕಾಂತಕ್ಕೆ ಸೊಪ್ಪು ಹಾಕಲ್ಲ."

ರಮ್ಜಾನ್ ಎದ್ದುಹೋಗಿ ಕೋಲಿನ ತುದಿಗೆ ರಬ್ಬರ್ ಬಟ್ಟಲಿರುವ ಒತ್ತುಪಂಪು ತಂದ.

"ಥೂ ಮುಂಡೇದೇ, ಅನ್ನ ತಿನ್ನೋ ಹೊತ್ತಲ್ಲಿ ಕಕ್ಕಸಿಂದು ತಂದಿದ್ದೀಯಲ್ಲೋ!" ಎಂದ ಇಸಿಕೇಲಿ.

"ಹೊಸದು ಕಣಣ್ಣ. ಬೂಬೂ ಮೊನ್ನೆ ತರಿಸಿದ್ದು, ಇನ್ನೂ ಯಾರ ಪಾಪಾನೂ ತೊಳೆದಿಲ್ಲ."

ಬಟ್ಟಲಿನ ಅಂಚು ಒದ್ದೆ ಮಾಡಿ ಸ್ಟೀಲಿನ ತುಂಡಿಗೆ ಒತ್ತಿ ಮೇಲೆತ್ತಿದ. ತುಂಡೂ ಎದ್ದಿತು. ಇಸಿಕೇಲಿ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂದು ಪ್ರಾರ್ಥನೆ ಶುರು ಮಾಡಿದ. ಆಮೆನ್ ಹೇಳುವವರೆಗೂ ತುಂಡು ಕೆಳಗೆ ಬೀಳಲಿಲ್ಲ.

"ಇದೇ" ಎಂದ ಅಪೆನಿಸಾ. "ಇಂಥವು ಆರು ಬಟ್ಟಲು, ಗಾಳಿ ಎಳೆಯೋ ಪಂಪು. ಒಬ್ಬನೇ ನಡೆಸಬಹುದು, ಅಂಚು ಮುಟ್ಟೋ ಹಂಗೇ ಇಲ್ಲ. ನನ್ನ ಕೈಲೂ ಆಗುತ್ತೆ."

"ಕರೆಂಟ್ ಹೋದ್ರೆ?" ಎಂದ ರಮ್ಜಾನ್. ನಮ್ಮಲ್ಲಿ ಅದು ದಿನಾ ಹೋಗುತ್ತದೆ.

"ಹಿಡಿತ ಕಾಯೋ ಟ್ಯಾಂಕಿರೋದು ಕೇಳೋಣ. ಕರೆಂಟ್ ಹೋದ್ರೂ ಕೆಳಗಿಳಿಸೋವರೆಗೆ ಬಿಡಬಾರದು. ಹಿಡಿತ ಸಡಿಲ ಆದ್ರೆ ಕೂಗ್ಕೋಬೇಕು."

ಅವರು ಹೇಳಿದ್ದನ್ನೆಲ್ಲ ನಾನು ಒಂದು ಹಾಳೆಯಲ್ಲಿ ಬರೆದೆ. ಎಲ್ಲರೂ ಸಹಿ ಹಾಕಿದರು. ಅಪೆನಿಸಾ ಎಡಗೈಯಲ್ಲಿ ಹಾಕಿದ, ಬಹಳ ಹೊತ್ತು ಹಿಡಿಯಿತು, ಯಾರೂ ಅವಸರ ಮಾಡಲಿಲ್ಲ.

ಇಸಿಕೇಲಿಯೂ ನಾನೂ ಅದನ್ನು ಮೇಲೆ ತೆಗೆದುಕೊಂಡು ಹೋದೆವು. ಉಮೇಂದ್ರ ಓದಿದ.

"ಟೀಚರ್, ನಿಮ್ಮ ಅಕ್ಷರ ಇನ್ನೂ ಹಾಗೇ ಇದೆ" ಎಂದು ನಕ್ಕ. ಆಮೇಲೆ ಚಹಾದ ಕಪ್ಪನ್ನು ಹಾಳೆಯ ಮೇಲಿಟ್ಟು ಇಸಿಕೇಲಿಯ ಕಡೆ ತಿರುಗಿದ.

"ಏನಯ್ಯಾ, ಕಕ್ಕಸು ಬಳಿಯೋದ್ರಲ್ಲಿ ತಗಡು ಎತ್ತೋ ಇಂಜಿನಿಯರ್ ನೀನೇನಾ? ಹೊರೋ ಕತ್ತೆ ಗಾಡಿ ಯಾವುದು ಅಂತ ಆರಿಸುತ್ತಾ? ಅಯಸ್ಕಾಂತ ಹೇಳಿದ್ದೀನಿ. ಅದಕ್ಕೆ ಕರೆಂಟೂ ಬೇಡ, ಪಂಪೂ ಬೇಡ. ನಡಿ."

"ಸಾರ್, ಸ್ಟೇನ್‌ಲೆಸ್ಸು ಅಯಸ್ಕಾಂತಕ್ಕೆ..."

"ನಡಿ ಅಂದೆ!"

ಮೆಟ್ಟಿಲಿಳಿಯುವಾಗ ಇಸಿಕೇಲಿ ನನ್ನ ಮೊಣಕೈ ಹಿಡಿದುಕೊಂಡ. ನನ್ನ ಮಂಡಿ ನೋವು ಅವನಿಗೆ ಗೊತ್ತು.

ಶುಕ್ರವಾರ ಅಯಸ್ಕಾಂತ ಬಂತು. ಕೆಂಪು ಬಣ್ಣದ್ದು, ಹಳೆಯ ಹೊಲಿಗೆ ಯಂತ್ರದಷ್ಟು ದಪ್ಪ. ಉಮೇಂದ್ರ ಎಲ್ಲರನ್ನೂ ನಿಲ್ಲಿಸಿ ತಾನೇ ಕ್ರೇನಿನ ಗುಂಡಿ ಹಿಡಿದ. ಮೊದಲು ನೀರಿನ ಟ್ಯಾಂಕಿಗೆ ಬಳಸುವ, ಸತು ಬಳಿದ ಕಬ್ಬಿಣದ ತಗಡಿನ ರಾಶಿ. ಅಯಸ್ಕಾಂತ ಕೂತಿತು, ಎತ್ತಿತು.

"ನೋಡ್ರೋ! ಹೂವು ಎತ್ತಿದ ಹಾಗೆ!"

ಮೇಲೆದ್ದದ್ದು ಒಂದಲ್ಲ, ಎರಡು. ತೆಳ್ಳನೆಯ ತಗಡು, ಕೆಳಗಿನದೂ ಅಂಟಿಕೊಂಡು ಬಂದಿತ್ತು. ಎದೆಯ ಮಟ್ಟಕ್ಕೆ ಬರುತ್ತಲೇ ಅದು ಕಳಚಿತು. ರಮ್ಜಾನ್ ಹಿಂದಕ್ಕೆ ಹಾರಿದ. ಅವನು ನಿಂತಿದ್ದ ಕಡೆ ತಗಡಿನ ಮೂಲೆ ಸಿಮೆಂಟಿಗೆ ಬಡಿದು ಕಿಡಿ ಎದ್ದಿತು.

ಉಮೇಂದ್ರನ ಹಣೆ ಬೆವತಿತ್ತು. ಆದರೂ ಕ್ರೇನನ್ನು ಸ್ಟೇನ್‌ಲೆಸ್ ರಾಶಿಯ ಮೇಲಕ್ಕೆ ಒಯ್ದ. ಅಯಸ್ಕಾಂತ ಇಳಿಯಿತು, ಏರಿತು. ತಗಡು ಮಲಗಿದಲ್ಲೇ ಮಲಗಿತ್ತು. ಮತ್ತೆ ಇಳಿಸಿದ, ಮತ್ತೆ ಏರಿಸಿದ.

"ಸಾರ್, ಅದು ಮರ್ಯಾದಸ್ಥರ ಮನೇದು. ಕಂಡೋರ ಕೈಲಿ ಮುಟ್ಟಿಸ್ಕೊಳ್ಳಲ್ಲ" ಎಂದ ರಮ್ಜಾನ್.

ನಗು ಸಿಡಿಯಿತು. ಉಮೇಂದ್ರ ಗುಂಡಿಯ ಪೆಟ್ಟಿಗೆಯನ್ನು ಬೀಸಿ ಎಸೆದ. ಅದು ತನ್ನ ತಂತಿಗೆ ಜೋತು ಗಿರಗಿರ ತಿರುಗಿತು.

"ಹಲ್ಲು ಕಿಸೀಬೇಡ್ರೋ ಸೂಳೆಮಕ್ಕಳಾ! ಇದು ಕೈಲೇ ಎತ್ರಿ, ಇಷ್ಟು ವರ್ಷ ಎತ್ತಿಲ್ವಾ? ಸೋಮವಾರ ಅಪೆನಿಸಾ ಮೂಲೆ ಹಿಡೀದೆ ಇದ್ರೆ ಅವನ ಕೆಲಸ ಹೋಯ್ತು. ಜೊತೆಗೆ ನಿಂತೋರದ್ದೂ ಹೋಯ್ತು."

ಸೋಮವಾರ ಬೆಳಿಗ್ಗೆ ಕೆಲಸದ ಗಂಟೆ ಬಾರಿಸಿದಾಗ ಎಲ್ಲರೂ ಸ್ಟೇನ್‌ಲೆಸ್ ರಾಶಿಯ ಸುತ್ತ ನೆಲದ ಮೇಲೆ ಕೂತಿದ್ದರು. ಉಮೇಂದ್ರ ಬಂದ. ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಯಾಂಗೋನ ಕಟ್ಟು. ಈ ಸಲ ದೊಡ್ಡದು. ಬೂಟು ಕಳಚಿ ಮಂಡಿ ಮಡಿಚಿ ಕೂತ. ಕಟ್ಟನ್ನು ಇಸಿಕೇಲಿಯ ಮುಂದೆ ಸರಿಸಿದ.

"ಶುಕ್ರವಾರ ಬಾಯಿ ತಪ್ಪಿ ಏನೇನೋ ಅಂದೆ. ತಪ್ಪಾಯ್ತು ಹಿರೀರೇ. ಯಂತ್ರ ತಂದಾಯ್ತು, ಮಾಲೀಕರಿಗೆ ಈಗ ಬೇರೆ ಕೇಳೋಕೆ ಆಗಲ್ಲ. ಹ್ಯಾಗೋ ಸುಧಾರಿಸ್ಕೊಂಡು ಹೋಗೋಣ. ಇದನ್ನ ಇಲ್ಲಿಗೇ ಹೂತುಬಿಡಿ."

ತಲೆ ಬಾಗಿಸಿ ಕಾದ. ಚಪ್ಪಾಳೆಗೆ.

ನಾನು ಇಸಿಕೇಲಿಯ ಕೈಗಳನ್ನೇ ನೋಡುತ್ತಿದ್ದೆ. ಎಪ್ಪತ್ತರ ಹತ್ತಿರದ ಆ ಕೈಗಳು ಜನ್ಮದಲ್ಲಿ ಯಾರ ಕಟ್ಟನ್ನೂ ತಿರಸ್ಕರಿಸಿದವಲ್ಲ. ಅವು ಮಂಡಿಯಿಂದ ಒಮ್ಮೆ ಮೇಲೆದ್ದವು. ಮತ್ತೆ ಮಂಡಿಯ ಮೇಲೇ ಕೂತವು.

"ಮಾಡಿದ ತಪ್ಪಿಗೆ ಇದನ್ನ ತರ್ತಾರಪ್ಪ" ಎಂದ ಮೆಲ್ಲಗೆ. "ನೀನು ನಾಳೆ ಮಾಡೋ ತಪ್ಪಿಗೆ ಇವತ್ತೇ ತಂದಿದ್ದೀಯ. ನಾನು ಮುಟ್ಟಲ್ಲ."

ಅವನು ಉಮೇಂದ್ರನನ್ನು ಸಾರ್ ಎನ್ನದೆ ಮಾತಾಡಿದ್ದು ಅದೇ ಮೊದಲು.

ಉಮೇಂದ್ರ ತಲೆಯೆತ್ತಿ ನನ್ನ ಕಿಟಕಿಯ ಕಡೆ ನೋಡಿದ. "ಟೀಚರ್, ನೀವಾದ್ರೂ ಹೇಳಿ ಇವರಿಗೆ."

"ಹೇಳೋದನ್ನ ಬರೆದುಕೊಟ್ಟಿದ್ದೀವಲ್ಲ ಮಗು" ಎಂದೆ. "ನಿನ್ನ ಚಹಾ ಕಪ್ಪಿನ ಅಡಿ ಇದೆ."

ರಮ್ಜಾನ್ ಮೊದಲು ಎದ್ದ. ಗ್ಲೌಸು ಕಳಚಿ ನನ್ನ ಕಿಟಕಿಯಲ್ಲಿಟ್ಟ. 'ಗ್ಲೌಸಿಲ್ಲದೆ ತಗಡು ಮುಟ್ಟಬಾರದು' ಎಂದು ಉಮೇಂದ್ರನೇ ಬರೆಸಿದ ಬೋರ್ಡು ಅವನ ತಲೆಯ ಮೇಲೇ ಇತ್ತು. ಅವನ ಹಿಂದೆ ಇನ್ನೊಬ್ಬ, ಆಮೇಲೆ ಇಸಿಕೇಲಿ. ಒಂದೊಂದು ಜೊತೆಯನ್ನೂ ನಾನು ಕೊಡವಿ ಮೊಳೆಗೆ ನೇತುಹಾಕಿದೆ.

ಅಪೆನಿಸಾ ಕಿಟಕಿಗೆ ಬರಲಿಲ್ಲ. ಬಲಗೈ ಗ್ಲೌಸನ್ನು ಹಲ್ಲಿನಲ್ಲಿ ಕಚ್ಚಿ ಎಳೆದು, ಯಾಂಗೋನ ಕಟ್ಟಿನ ಮೇಲಿಟ್ಟ.

"ಮೂಲೆ ಖಾಲಿ ಐತೆ. ನೀನು ಹಿಡಿ."

"ಹಿಡೀತೀನಿ ಕಣೋ! ನಿಮ್ಮಪ್ಪನಂಥೋರನ್ನ ಕಂಡಿದ್ದೀನಿ!" ಉಮೇಂದ್ರ ಎದ್ದ. ಗ್ಲೌಸು ಕಿತ್ತುಕೊಂಡು ಕೈ ತೂರಿಸಿದ. ಮೂರು ಬೆರಳು ಒಳಗೆ ಹೋದವು. ಮಿಕ್ಕ ಎರಡು ಹೋಗಲಿಲ್ಲ. ಒತ್ತಿದ. ಹಲ್ಲು ಕಚ್ಚಿ ಎಳೆದ. ಗ್ಲೌಸು ತಿರುವಿ ನೋಡಿ, ಮತ್ತೆ ತೂರಿಸಿದ.

ಈ ಸಲ ಯಾರೂ ನಗಲಿಲ್ಲ. ಅವನ ತಲೆಯ ಮೇಲೆ ಕೆಂಪು ಅಯಸ್ಕಾಂತ ಒಂದು ಸೊಟ್ಟ ಮೊಳೆಯನ್ನು ಹಿಡಿದು ನೇತಾಡುತ್ತಿತ್ತು.

ಆಸ್ಪತ್ರೆಯಿಂದ ಬಂದ ವಾರ ಅಪೆನಿಸಾನ ಗ್ಲೌಸಿನ ಎರಡು ಖಾಲಿ ಬೆರಳು ಯಂತ್ರಕ್ಕೆ ಸಿಕ್ಕಿಕೊಳ್ಳಬಾರದೆಂದು ಒಳಕ್ಕೆ ಮಡಿಚಿ ಹೊಲಿದಿದ್ದವಳು ನಾನೇ. ದಪ್ಪ ದಾರದಲ್ಲಿ, ಎರಡು ಸಾಲು. ಬಿಚ್ಚದ ಹಾಗೆ ಹಾಕಿದ್ದೆ.