ಎವಾಂಥಿಯಾ ತರಿಸದ ಊಟ

ಸಂಜೆ ಸಮುದ್ರದಿಂದ ಮಂಜೆದ್ದರೆ ಗ್ರೀಸ್ ದೇಶದ ನಮ್ಮ ಕವಾಲಾ ಊರು ಅರೆನಿದ್ದೆಗೆ ಜಾರುತ್ತದೆ. ದೋಣಿಗಳ ದೀಪಗಳು ಗಾಳಿಯಲ್ಲೇ ತೇಲಿದಂತೆ ಕಾಣುತ್ತವೆ. ಅಂಥದೊಂದು ಸಂಜೆ ಎವಾಂಥಿಯಾ ಕಿಟಕಿಯ ಬಳಿ ಕೂತಿದ್ದಳು. ಹೊಡೆಯುವ ಗಂಡ ಪಾಂಡೆಲಿಸ್‌ನನ್ನು ಬಿಟ್ಟು, ತಾಯಿ ಸ್ತಮಾತಿಯಾ ಜೊತೆ ಇಲ್ಲಿಗೆ ಬಂದ ಮೇಲೆ ಮೊದಲ ಸಲ ಅವಳ ಎದೆ ಹಗುರಾಗಿತ್ತು.

ಬಾಗಿಲ ಗಂಟೆ ಸದ್ದಾಯಿತು. ಊಟ ತಂದವನು ಪೊಟ್ಟಣ ಕೊಟ್ಟು ಮಂಜಿನಲ್ಲಿ ಕರಗಿಹೋದ. ಒಳಗೆ ಸೊಪ್ಪು, ಫೆತಾ ಚೀಸ್ ತುಂಬಿದ ಬಿಸಿ ಪಿತಾ ರೊಟ್ಟಿ. ಅವಳಿಗೆ ಅದೆಂದರೆ ಪ್ರಾಣ.

"ಅಮ್ಮಾ, ನೀನು ತರಿಸಿದ್ಯಾ?"

"ನಂಗೆಲ್ಲಿ ಬರುತ್ತೆ ಅದೆಲ್ಲಾ? ನೀನೇ ತರಿಸಿ ಮರ್ತಿರ್ತೀಯ. ತಿನ್ನು, ಆರೋಗುತ್ತೆ."

ಕಾಫಿಗೆಂದು ಬಂದಿದ್ದ ಮೇಲಿನ ಮಹಡಿಯ ಗೆಳತಿ ಲೆಮೋನಿಯಾ, ಫೋನ್ ಅಂಗಡಿಯಲ್ಲಿ ಕೆಲಸ ಮಾಡುವವಳು, ಎವಾಂಥಿಯಾಳ ಫೋನಿನಲ್ಲಿ ಊಟ ತರಿಸುವ ಆ್ಯಪ್ ತೆರೆದು ನೋಡಿದಳು. ಆರ್ಡರ್ ಎವಾಂಥಿಯಾಳ ಖಾತೆಯಿಂದಲೇ ಹೋಗಿತ್ತು.

"ಈ ಖಾತೆ ಇನ್ಯಾರ ಹತ್ರ ಇದೆ ಕಣೇ?"

ಎವಾಂಥಿಯಾ ಪೊಟ್ಟಣವನ್ನು ದೂರ ಸರಿಸಿದಳು. "ಹಳೇ ಮನೆ ಟ್ಯಾಬ್ಲೆಟ್‌ನಲ್ಲಿ... ಪಾಂಡೆಲಿಸ್ ಹತ್ರ."

"ಅಯ್ಯೋ, ಊಟದ ಆ್ಯಪ್‌ಗೆ ಹಸಿವು ಬಿಟ್ರೆ ಇನ್ನೇನು ಗೊತ್ತಿರುತ್ತೆ ಬಿಡ್ರೇ!" ಎಂದಳು ತಾಯಿ.

"ಇವಳು ಹಾಕಿಟ್ಟ ಈ ಮನೆ ವಿಳಾಸ ಗೊತ್ತು, ಮಹಡಿ ಗೊತ್ತು ಚಿಕ್ಕಮ್ಮ. ಅದೇ ಟ್ಯಾಬ್ಲೆಟ್‌ನಲ್ಲಿರೋ ಟ್ಯಾಕ್ಸಿ ಆ್ಯಪ್‌ಗೆ ಇವಳು ಎಲ್ಲಿಗೆ ಹೋದ್ಳು, ಯಾವಾಗ ಬಂದ್ಳು, ಎಲ್ಲಾ ಗೊತ್ತು. 'ನೀನೆಲ್ಲಿದ್ದೀಯ ನಂಗೊತ್ತು' ಅಂತ ಅವನು ಹೇಳಿ ಕಳಿಸಿದಾನೆ, ಅಷ್ಟೇ."

ಸ್ತಮಾತಿಯಾ ಪೊಟ್ಟಣವನ್ನು ಎತ್ತಿ ಮೂಲೆಗಿಟ್ಟಳು. "ನಾನು ತಿನ್ನು ಅಂದ್ನಲ್ಲೇ..."

ಲೆಮೋನಿಯಾ ಮೊದಲು ಆ ಆರ್ಡರ್‌ನ ಚಿತ್ರ ಹಿಡಿದಿಟ್ಟಳು. ಪೊಲೀಸರಿಗೆ ಸಾಕ್ಷಿ ಬೇಕಲ್ಲ! ಆಮೇಲೆ ಎರಡೂ ಆ್ಯಪ್‌ಗಳಲ್ಲಿ ಎಲ್ಲ ಸಾಧನಗಳಿಂದಲೂ ಖಾತೆಯನ್ನು ಲಾಗ್‌ಔಟ್ ಮಾಡಿ, ಪಾಸ್‌ವರ್ಡ್ ಬದಲಿಸಿದಳು. ಉಳಿಸಿಟ್ಟ ವಿಳಾಸಗಳನ್ನು ಅಳಿಸಿದಳು. ತಾಯಿ ಮಗಳು ಆವತ್ತು ಲೆಮೋನಿಯಾಳ ಮನೆಯಲ್ಲೇ ಮಲಗಿದರು. ಬೆಳಗಾಗುತ್ತಲೇ ಮೂವರೂ ಠಾಣೆಗೆ ಹೋದರು.

ವಾರ ಕಳೆಯುವುದರೊಳಗೆ ಪಾಂಡೆಲಿಸ್ ಬಂದೇ ಬಂದ. ದೂರಿನ ಮೇಲೆ ಕಾವಲಿದ್ದ ಪೊಲೀಸರು ಅವನನ್ನು ಬೀದಿಯ ತಿರುವಿನಲ್ಲೇ ತಡೆದರು. ಮೆಟ್ಟಿಲು ಹತ್ತಲು ಬಿಡಲಿಲ್ಲ.

ಈಗ ಮಗಳು ಟ್ಯಾಕ್ಸಿ ಕರೆದರೆ ತಾಯಿಯೇ ಒಳಗಿನಿಂದ ಕೂಗುತ್ತಾಳೆ: "ಮನೆ ವಿಳಾಸ ಹಾಕ್ಬೇಡ ಕಣೇ, ಬೇಕರಿ ಹತ್ರ ಅಂತ ಹಾಕು! ಇಳಿದ ಮೇಲೆ ಆ ಲೊಕೇಶನ್ನೂ ಆಫ್ ಮಾಡು!"

ಅಕ್ಕ, ಅಣ್ಣ, ಇದನ್ನು ಓದಿ ಮಡಚಿಡುವ ಮುನ್ನ ನಿಮ್ಮ ಫೋನ್ ತೆರೆಯಿರಿ. ನಿಮ್ಮ ಖಾತೆ ಬೇರೆಲ್ಲಿ ತೆರೆದಿದೆ, ಅದರಲ್ಲಿ ಯಾರ ಮನೆಯ ವಿಳಾಸವಿದೆ ನೋಡಿ. ಬೇಡದ್ದನ್ನು ಅಳಿಸಿ. ಯಾರಾದರೂ ಹೆದರಿಸುತ್ತಿದ್ದರೆ ಒಬ್ಬರೇ ನುಂಗಿಕೊಳ್ಳಬೇಡಿ, ನಂಬಿದವರಿಗೆ ಹೇಳಿ, ದೂರು ಕೊಡಿ. ನಿಮ್ಮ ಬಾಗಿಲು ಯಾರಿಗೆ ಗೊತ್ತಿರಬೇಕು ಎಂದು ತೀರ್ಮಾನಿಸುವವರು ನೀವೇ.