ಬೆರಕೆ ಗಿಳಿ ಮತ್ತು ಅತ್ತೆಯ ಜ್ವರ

ಗಿಳಿಯೂ ಸೀನುತ್ತದೆ ಎಂಬುದು ಕಾಂಚನಮಾಲಾಳಿಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಹಳೇಬೀಡಿನಲ್ಲಿ ಬಸ್ತಿಹಳ್ಳಿ ಕಡೆಯ ದಾರಿಯಲ್ಲಿದ್ದ ಅವರ ಮನೆಯ ನಡುಮನೆಯಲ್ಲಿ ಕೂತು ಅವಳು ಅವರೆಕಾಯಿ ಸುಲಿಯುತ್ತಿದ್ದಳು. ಪಂಜರದಿಂದ ಚಿಕ್ಕದೊಂದು ಸದ್ದು ಬಂತು. ತಲೆಯೆತ್ತಿ ನೋಡಿದರೆ ಅವಳ ಗಿಳಿ ಪಚ್ಚ ತನ್ನ ಕೊಕ್ಕನ್ನು ಸರಳಿಗೆ ಉಜ್ಜಿಕೊಳ್ಳುತ್ತಿತ್ತು. ಮತ್ತೆ ಸೀನಿತು. ಮೂಗಿನ ತೂತಿನ ಹತ್ತಿರ ಒದ್ದೆಯಾಗಿತ್ತು. ಅವಳು ಮಡಿಲಿನಲ್ಲಿದ್ದ ಕಾಯಿಗಳನ್ನು ಮೊರಕ್ಕೆ ಸುರಿದು ಎದ್ದಳು. ಎದ್ದವಳಿಗೆ ಏನು ಮಾಡಬೇಕೆಂದು ತೋಚದೆ ಮತ್ತೆ ಕೂತಳು.

ಅವತ್ತಿನಿಂದ ಅವಳಿಗೆ ಕೂತಲ್ಲಿ ಕೂರಲಾಗಲಿಲ್ಲ. ಒಲೆಯ ಮುಂದಿದ್ದರೂ ಕಿವಿ ಪಂಜರದ ಕಡೆಗೇ. ಪಚ್ಚ ಪುಕ್ಕವನ್ನೆಲ್ಲ ಉಬ್ಬಿಸಿಕೊಂಡು ಉಂಡೆಯಾಗಿ ಕೂರುತ್ತಿತ್ತು, ಹಗಲಲ್ಲೇ ಕಣ್ಣು ಅರೆ ಮುಚ್ಚುತ್ತಿತ್ತು. ಆಸೆಪಟ್ಟು ತಿನ್ನುತ್ತಿದ್ದ ಕಡಲೆಕಾಯಿಯನ್ನು ಕಾಲಲ್ಲಿ ಹಿಡಿದು ಮರೆತುಬಿಡುತ್ತಿತ್ತು. ಹಿಕ್ಕೆ ನೀರುನೀರಾಗಿ, ಸೊಪ್ಪಿನ ರಸದ ಹಾಗೆ ಹಸಿರಾಗಿತ್ತು. ಒಂದು ದಿನ ಎದೆಯ ಮೇಲಿನ ಪುಕ್ಕಗಳನ್ನು ತಾನೇ ಕಿತ್ತುಕೊಂಡಿತು; ಚರ್ಮ ಕಾಣುವಷ್ಟು ಜಾಗ ಬೋಳಾಯಿತು.

ಪಚ್ಚ ಬೆರಕೆ ಗಿಳಿ. ಕಾಂಚನಮಾಲಾಳ ತವರು ಅರಸೀಕೆರೆಯಲ್ಲಿ ಅಣ್ಣ ಅಜಿತ್ ಕುಮಾರನ ಕೊಬ್ಬರಿ ಮಂಡಿಯ ಹಿಂದೆ ರೈಲ್ವೆ ಕ್ವಾರ್ಟರ್ಸು. ಅಲ್ಲಿದ್ದ ಗಾರ್ಡೊಬ್ಬರು ಭುಜದ ಮೇಲೆ ಕೆಂಪು ಮಚ್ಚೆಯಿರುವ ದೊಡ್ಡ ರಾಜಗಿಳಿಯನ್ನೂ, ತೋಟಗಳಲ್ಲಿ ಸಿಗುವ ಮಾಮೂಲಿ ಹೆಣ್ಣು ಗಿಳಿಯನ್ನೂ ಒಂದೇ ಗೂಡಿನಲ್ಲಿ ಸಾಕಿದ್ದರು. ಅವೆರಡೂ ಜೋಡಿಯಾಗುತ್ತವೆಂದು ಯಾರೂ ಎಣಿಸಿರಲಿಲ್ಲ. ಮರಿಯಾಯಿತು. ಅಷ್ಟರಲ್ಲಿ ಗಾರ್ಡಿಗೆ ಹುಬ್ಬಳ್ಳಿಗೆ ವರ್ಗವಾಯಿತು. ಇನ್ನೂ ಪುಕ್ಕ ಬಲಿಯದ ಮರಿಯನ್ನು ಅಜಿತ್ ಕುಮಾರನ ಕೈಗಿಟ್ಟು ಹೊರಟರು. ಬಾಣಂತನ ಮುಗಿದ ಅತ್ತಿಗೆಯನ್ನು ನೋಡಲು ಹೋಗಿದ್ದ ಕಾಂಚನಮಾಲಾ ಅದನ್ನು ಬಟ್ಟೆಯಲ್ಲಿ ಸುತ್ತಿ, ಜಾವಗಲ್ ಮೇಲೆ ಬರುವ ಬಸ್ಸಿನಲ್ಲಿ ಮಡಿಲಲ್ಲೇ ಇಟ್ಟುಕೊಂಡು ತಂದಳು. ಹುರಿಗಡಲೆ ಹಿಟ್ಟನ್ನು ಬಿಸಿನೀರಲ್ಲಿ ಕಲಸಿ, ಬೆರಳ ತುದಿಯಿಂದ ತಿನ್ನಿಸಿ ಬೆಳೆಸಿದಳು. ಬೆಳೆದ ಮೇಲೆ ಅದು ತಾಯಿಗಿಂತ ದೊಡ್ಡದು, ಅಪ್ಪನಿಗಿಂತ ಸಣ್ಣದು; ಭುಜದ ಕೆಂಪು ತೊಳೆದ ಬಟ್ಟೆಯಲ್ಲಿ ಉಳಿದ ಕಲೆಯಷ್ಟು ಮಸುಕು. ಮನೆಗೆ ಬಂದವರೆಲ್ಲ ಅದು ಯಾವ ಜಾತಿಯೆಂದು ಚರ್ಚೆ ಮಾಡುತ್ತಿದ್ದರು. ಎಂಟು ವರ್ಷದ ಮಗಳು ಜಯಮಾಲಾ ಮಾತ್ರ "ನಮ್ಮ ಜಾತಿ" ಎಂದು ಹೇಳಿ ಅದರ ಕೊಕ್ಕಿಗೆ ಮುತ್ತು ಕೊಡುತ್ತಿದ್ದಳು.

ಅತ್ತೆ ಧರ್ಮಾವತಿಗೆ ಪಂಜರವೆಂದರೆ ಆಗುತ್ತಿರಲಿಲ್ಲ. ದಿನಾ ಬಸದಿಗೆ ಹೋಗಿಬಂದು, ಸೂರ್ಯ ಮುಳುಗುವ ಮುಂಚೆ ಊಟ ಮುಗಿಸಿ, ಆಮೇಲೆ ನೀರನ್ನೂ ಮುಟ್ಟದ ಹೆಂಗಸು. "ಜೀವವನ್ನ ಹೊಡೆಯೋದು ಒಂದೇ ಹಿಂಸೆ ಅಂದ್ಕೊಂಡಿದ್ದೀಯ? ಕಟ್ಟಿ ಹಾಕೋದೂ ಹಿಂಸೆನೇ ಕಣೇ. ಬಿಟ್ಟುಬಿಡು" ಎಂದು ಮೊದಲ ದಿನವೇ ಹೇಳಿದ್ದರು. ಕಾಂಚನಮಾಲಾ ಒಂದೆರಡು ಸಲ ಬಾಗಿಲು ತೆರೆದಿಟ್ಟಳು. ಪಚ್ಚ ಹೊರಗೆ ಬಂದು ನಡುಮನೆಯಲ್ಲೆಲ್ಲ ಅಡ್ಡಾಡಿ, ಹಿತ್ತಲ ತೆಂಗಿನ ಮರದ ಗಿಳಿಗಳು ಕೂಗಿದರೆ ಹೆದರಿ ಒಳಗೆ ಓಡಿತು. ಅತ್ತೆ ಮತ್ತೆ ಆ ಮಾತೆತ್ತಲಿಲ್ಲ. ಆದರೆ ಪಂಜರವಿದ್ದ ಮೂಲೆಯ ಕಡೆ ಮುಖ ಹಾಕಿ ಕೂರುತ್ತಲೂ ಇರಲಿಲ್ಲ. ಹಾಗಾಗಿ ಪಚ್ಚನಿಗೆ ಹುಷಾರಿಲ್ಲವೆಂದು ಕಾಂಚನಮಾಲಾ ಯಾರಿಗೂ ಹೇಳಲಿಲ್ಲ. ಹೇಳಿದರೆ ಅತ್ತೆ ಏನನ್ನುತ್ತಾರೆಂದು ಅವಳಿಗೆ ಗೊತ್ತಿತ್ತು.

ಅತ್ತೆಯೇ ಮಲಗಿದರು.

ಮೊದಲು ತಲೆನೋವು, ಆಮೇಲೆ ಮೈ ಸುಡುವ ಜ್ವರ, ಕಫವಿಲ್ಲದ ಒಣ ಕೆಮ್ಮು. ಊರಿನ ಡಾಕ್ಟರು ಪೆನಿಸಿಲಿನ್ ಇಂಜೆಕ್ಷನ್ ಕೊಟ್ಟರು. ಜ್ವರ ಜಗ್ಗಲಿಲ್ಲ. ಕಾಂಚನಮಾಲಾಳ ಗಂಡ ಜೀವಂಧರ ಜವಳಿ ಅಂಗಡಿಯನ್ನು ಬೇಗ ಮುಚ್ಚಿ ಬಂದು ತಾಯಿಯ ಪಕ್ಕ ಕೂರುತ್ತಿದ್ದ. ರೇಡಿಯೋದಲ್ಲಿ ದಿಲ್ಲಿಯ ಏಷ್ಯಾಡ್ ಕ್ರೀಡಾಕೂಟದ ಸುದ್ದಿ ಬಂದರೂ ಕೇಳುವವರಿರಲಿಲ್ಲ. ಕಾಂಚನಮಾಲಾ ಅತ್ತೆಯ ಹಣೆ ಮುಟ್ಟಿ ನೋಡಿ, ಅಲ್ಲಿಂದ ಪಂಜರದ ಹತ್ತಿರ ಹೋಗಿ, ಅಲ್ಲಿಂದ ಮಗಳ ಕತ್ತು ಮುಟ್ಟಿ ನೋಡಿ ಮತ್ತೆ ಅತ್ತೆಯ ಬಳಿ ಬರುತ್ತಿದ್ದಳು. ಅವಳ ತಲೆಯಲ್ಲಿ ಒಂದು ಅನುಮಾನ ಹುಟ್ಟಿತ್ತು. ಗಿಳಿ ಸೀನಿತು, ಅತ್ತೆ ಕೆಮ್ಮಿದರು. ಆದರೆ ಅತ್ತೆ ಪಂಜರದ ಹತ್ತಿರವೇ ಸುಳಿಯುವುದಿಲ್ಲವಲ್ಲ? ದಿನಾ ಗಿಳಿಯನ್ನು ಹೆಗಲ ಮೇಲೆ ಕೂರಿಸಿಕೊಳ್ಳುವ ತನಗೇ ಏನೂ ಆಗಿಲ್ಲ. ಹೀಗೆಂದು ತನಗೆ ತಾನೇ ಸಮಾಧಾನ ಹೇಳಿಕೊಂಡರೂ ಸಮಾಧಾನ ನಿಲ್ಲುತ್ತಿರಲಿಲ್ಲ.

ಉಸಿರಾಟ ಕಷ್ಟವಾದಾಗ ಜೀವಂಧರ ಬಾಡಿಗೆ ಕಾರು ಮಾಡಿ ತಾಯಿಯನ್ನು ಅರಸೀಕೆರೆಗೆ ಕರೆದೊಯ್ದ. ಕಾಂಚನಮಾಲಾ ಜೊತೆಗೆ ಹೋದಳು. ಮಗಳನ್ನೂ ಪಚ್ಚನನ್ನೂ ಕೆಲಸದ ಸಣ್ಣತಾಯಮ್ಮ ನೋಡಿಕೊಳ್ಳುವುದೆಂದಾಯಿತು. ಹೊರಡುವಾಗ ಕಾಂಚನಮಾಲಾ ಮಗಳಿಗೆ, "ಪಚ್ಚನ್ನ ಮುಟ್ಟಬೇಡ" ಎಂದಳು. ಯಾಕೆಂದು ಅವಳು ಕೇಳುವಷ್ಟರಲ್ಲಿ ಕಾರು ಹತ್ತಿದ್ದಳು.

ಅರಸೀಕೆರೆಯಲ್ಲಿ ಅಜಿತ್ ಕುಮಾರನಿಗೆ ಪರಿಚಯದ ಡಾಕ್ಟರಿದ್ದರು. ವಯಸ್ಸಾದವರು, ಮೆಲ್ಲಗೆ ಮಾತಾಡುವವರು. ಬೆನ್ನಿನ ಮೇಲೆ ಸ್ಟೆತೋಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಎದೆಯ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು.

"ನ್ಯುಮೋನಿಯಾ ಅನ್ನೋದೇನೋ ಸರಿ. ಆದರೆ ಪೆನಿಸಿಲಿನ್ನಿಗೆ ಬಗ್ಗಬೇಕಿತ್ತಲ್ಲ. ಮನೇಲಿ ಪ್ರಾಣಿಗಳೇನಾದ್ರೂ ಇವೆಯಾ?"

"ಎರಡು ಹಸು ಇದಾವೆ ಸಾರ್" ಎಂದ ಜೀವಂಧರ.

ಕಾಂಚನಮಾಲಾ ಬಾಯಿ ತೆರೆದಳು. ಅತ್ತೆ ಬೆಂಚಿನ ಮೇಲೆ ಕಣ್ಣು ಮುಚ್ಚಿ ಒರಗಿದ್ದರು. ಈಗ ಗಿಳಿಯ ಮಾತೆತ್ತಿದರೆ ಪಚ್ಚನ ಕತೆ ಇವತ್ತಿಗೇ ಮುಗಿಯಿತು ಅನ್ನಿಸಿತು. ತೆರೆದ ಬಾಯನ್ನು ಸೆರಗಿನಿಂದ ಒರೆಸಿಕೊಂಡಳು. ಡಾಕ್ಟರು ಬೇರೆ ಇಂಜೆಕ್ಷನ್ ಬರೆದುಕೊಟ್ಟು, "ನಾಳೆ ಮತ್ತೆ ಕರ್ಕೊಂಡು ಬನ್ನಿ, ಇಲ್ಲೇ ಇರಿ" ಎಂದರು.

ಅಣ್ಣನ ಮನೆಯಲ್ಲಿ ಅತ್ತೆಗೆ ಹಾಸಿಗೆ ಹಾಸಿದರು. ಅತ್ತಿಗೆ ಕಾಫಿ ತಂದಿಟ್ಟಳು. ಕಾಂಚನಮಾಲಾ ಲೋಟ ಹಿಡಿದು ಕಿಟಕಿಗೆ ಹೋದಳು, ಬಾಗಿಲಿಗೆ ಹೋದಳು, ಹಿತ್ತಲಿಗೆ ಹೋದಳು. ಹಿಂದಿನ ಯಾರ್ಡಿನಲ್ಲಿ ಗೂಡ್ಸ್ ಗಾಡಿಯ ಡಬ್ಬಿಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿದ್ದವು. ಒಳಗೆ ಅತ್ತೆ ಕೆಮ್ಮಿದರು, ಕೆಮ್ಮು ನಿಲ್ಲಲಿಲ್ಲ. ಅವಳು ಕಾಫಿಯನ್ನು ಹಾಗೇ ಬಿಟ್ಟು, ಯಾರಿಗೂ ಹೇಳದೆ ಚಪ್ಪಲಿ ಮೆಟ್ಟಿ ಹೊರಟಳು. ಮಾರ್ಕೆಟ್ಟಿನ ಜನದ ನಡುವೆ ಅವಳು ನಡೆದ ರಭಸಕ್ಕೆ ಪರಿಚಯದವರೊಬ್ಬರು ಮಾತಾಡಿಸಿದ್ದೂ ಕೇಳಿಸಲಿಲ್ಲ.

ಡಾಕ್ಟರು ಕೈ ತೊಳೆದು ಮನೆಗೆ ಹೊರಡುತ್ತಿದ್ದರು.

"ಸಾರ್, ಮನೇಲಿ ಗಿಳಿ ಇದೆ. ಅದಕ್ಕೂ ಹುಷಾರಿಲ್ಲ. ಅವಾಗ್ಲೇ ಹೇಳ್ಬೇಕಿತ್ತು, ಹೇಳ್ಲಿಲ್ಲ."

ಡಾಕ್ಟರು ಮತ್ತೆ ಕೂತರು. ಸೀನು, ಹಿಕ್ಕೆ, ತೂಕಡಿಕೆ ಎಲ್ಲವನ್ನೂ ಕೇಳಿದರು. "ಗಿಳಿಗಳಿಂದ ಬರೋ ಜ್ವರ ಅಂತ ಒಂದಿದೆಯಮ್ಮ. ನಾನು ಓದಿದ್ದೀನಿ, ನೋಡಿಲ್ಲ. ಒಣಗಿದ ಹಿಕ್ಕೆ ಧೂಳಾಗಿ ಉಸಿರಲ್ಲಿ ಒಳಗೆ ಹೋದರೆ ಬರುತ್ತೆ. ಪಂಜರ ಗುಡಿಸೋದು ಯಾರು?"

"ಕೆಲಸದ ಸಣ್ಣತಾಯಮ್ಮ."

"ಅವಳಿಗೆ ಜ್ವರ ಬಂದಿದೆಯಾ?"

"ಇಲ್ಲ ಸಾರ್, ಗಟ್ಟಿಮುಟ್ಟಾಗಿದ್ದಾಳೆ."

"ನಿಮ್ಮತ್ತೆ ಗಿಳಿ ಹತ್ತಿರ ಹೋಗ್ತಾರಾ?"

"ಅದರ ಕಡೆ ತಿರುಗೂ ನೋಡಲ್ಲ."

ಡಾಕ್ಟರು ಕನ್ನಡಕ ತೆಗೆದು ಯೋಚಿಸಿದರು. "ಹಾಗಾದ್ರೆ ಲೆಕ್ಕ ಕೂಡಲ್ಲ. ನೀವು ಹೋಗಿ ಅವರನ್ನೇ ಸರಿಯಾಗಿ ಕೇಳಿ. ನಾನು ಇಲ್ಲೇ ಕಾಯ್ತೀನಿ."

ಅವಳು ಬಂದ ದಾರಿಯಲ್ಲೇ ಓಡುನಡಿಗೆಯಲ್ಲಿ ಹಿಂತಿರುಗಿದಳು. ಜೀವಂಧರ ಬಾಗಿಲಲ್ಲೇ ನಿಂತಿದ್ದ. "ಎಲ್ಲಿ ಹೋಗಿದ್ದೆ?" ಎಂದ. ಅವಳು ಅವನನ್ನು ದಾಟಿ ಒಳಗೆ ಹೋಗಿ ಹಾಸಿಗೆಯ ಪಕ್ಕ ಕುಕ್ಕರಿಸಿದಳು.

"ಅತ್ತೆ, ನೀವು ಪಚ್ಚನ ಪಂಜರ ಯಾವತ್ತಾದ್ರೂ ಮುಟ್ಟಿದ್ರಾ?"

ಧರ್ಮಾವತಿ ಕಣ್ಣು ತೆರೆದರು. ಸೊಸೆಯ ಮುಖ ನೋಡಿ, ಮೇಲಿನ ಜಂತೆ ನೋಡಿದರು. "ದಿನಾ ಗುಡಿಸ್ತೀನಿ" ಎಂದರು.

"ನೀವಾ? ಸಣ್ಣತಾಯಮ್ಮ ಅಲ್ವಾ?"

"ಅವಳು ಬರೋ ಹೊತ್ತಿಗೆ ಬಿಸಿಲೇರಿರುತ್ತೆ. ಅಷ್ಟರಲ್ಲಿ ಕಾಳಿನ ಸಿಪ್ಪೆಗೆ ಇರುವೆ ಮುತ್ಕೊಂಡಿರುತ್ತೆ. ಅವಳು ಬರಬರ ಪೊರಕೆ ಎಳೀತಾಳೆ, ಎಷ್ಟು ಜೀವ ಹೋಗುತ್ತೋ. ಅದಕ್ಕೇ ನೀವೆಲ್ಲ ಏಳೋಕೆ ಮುಂಚೆ ನಾನೇ ಬಗ್ಗಿ, ಒಂದೊಂದಾಗಿ ಊದಿ ಸರಿಸಿ, ಮೆತ್ತಗೆ ಗುಡಿಸ್ತಿದ್ದೆ." ಕೆಮ್ಮು ಬಂತು. ಅದು ನಿಂತ ಮೇಲೆ, "ಗಿಳಿಗೋಸ್ಕರ ಅಲ್ಲ ಕಣೇ" ಎಂದು ಸೇರಿಸಿದರು.

ಬಗ್ಗಿ ಊದುತ್ತಿದ್ದರು! ಕಾಂಚನಮಾಲಾಳಿಗೆ ನಡುಮನೆಯ ಆ ಮೂಲೆ, ಎದ್ದೇಳುವ ಬೂದು ಬಣ್ಣದ ಧೂಳು, ಅದರ ಮೇಲೆ ಬಾಗಿದ ಮುದಿ ಮುಖ ಎಲ್ಲ ಒಟ್ಟಿಗೆ ಕಣ್ಣಿಗೆ ಕಟ್ಟಿತು. ಮತ್ತೆ ಡಾಕ್ಟರ ಬಳಿಗೆ ಹೊರಟಳು. ಈ ಸಲ ಜೀವಂಧರನೂ ಹಿಂದೆಯೇ ಬಂದ. ದಾರಿಯಲ್ಲಿ ಅವಳು ಎಲ್ಲವನ್ನೂ ಹೇಳಿದಳು. ಅವನು ಬೈಯಲಿಲ್ಲ, ಅದೇ ಅವಳಿಗೆ ಇನ್ನಷ್ಟು ಕಷ್ಟವಾಯಿತು.

ಡಾಕ್ಟರು ಟೆಟ್ರಾಸೈಕ್ಲಿನ್ ಬರೆದುಕೊಟ್ಟರು. "ಅದೇ ಕಾಯಿಲೆ ಅಂತ ಖಚಿತ ಮಾಡೋ ಪರೀಕ್ಷೆ ಇಲ್ಲಿಲ್ಲ. ಅದೇ ಅಂತ ನಂಬಿ ಕೊಡ್ತಿದ್ದೀನಿ. ಮಾತ್ರೆ ಜೊತೆ ಹಾಲು ಬೇಡ. ಮಗು ಮೇಲೂ ಒಂದು ಕಣ್ಣಿಡಿ" ಎಂದರು. ಅತ್ತೆ ರಾತ್ರಿ ಏನನ್ನೂ ತೆಗೆದುಕೊಳ್ಳುವುದಿಲ್ಲ ಎಂದಾಗ ಅವರು ಹಗಲಿನ ಹೊತ್ತಿಗೇ ಹೊಂದಿಸಿ ಬರೆದುಕೊಟ್ಟರು.

ಮರುದಿನ ಸಂಜೆ ಹೊತ್ತಿಗೆ ಜ್ವರ ಸ್ವಲ್ಪ ಇಳಿದಿತ್ತು. ಅದಾದ ಮರುದಿನ ಧರ್ಮಾವತಿ ಎದ್ದು ಕೂತು ಗಂಜಿ ಕುಡಿದರು. ಆಗ ಜೀವಂಧರ ಜಗಲಿಯಲ್ಲಿ ನಿಂತು ಹೆಂಡತಿಗೆ ಹೇಳಿದ: "ಊರಿಗೆ ಹೋದ ತಕ್ಷಣ ಅದನ್ನ ಕೆರೆ ಏರಿ ಮೇಲೆ ಬಿಟ್ಟುಬರ್ತೀನಿ. ಮನೇಲಿ ಮಗು ಇದೆ."

"ಅದಕ್ಕೆ ಹಾರೋಕೂ ಬರಲ್ಲ ರೀ."

"ನನಗೂ ಅಯ್ಯೋ ಅನ್ಸುತ್ತೆ. ಆದ್ರೂ ಬಿಡೋದೇ."

ಮಾತು ಒಳಗೆ ಕೇಳಿಸಿತ್ತು. "ಜೀವಂಧರಾ" ಎಂದು ತಾಯಿ ಕರೆದರು. ಇಬ್ಬರೂ ಒಳಗೆ ಹೋದರು.

"ಚೆನ್ನಾಗಿದ್ದಾಗ ಬಿಡಿ ಅಂದೆ, ಬಿಡ್ಲಿಲ್ಲ. ಈಗ ಕಾಯಿಲೆ ಬಂದಿದೆ, ಈಗ ಬಿಡ್ತೀಯಾ? ಕಾಗೆ ಕುಕ್ಕಿ ಸಾಯಿಸಿದ್ರೆ ಆ ಪಾಪ ಯಾರಿಗೆ? ಅದರ ಕಾಯಿಲೆ ಮರದ ಗಿಳಿಗಳಿಗೆಲ್ಲ ಹತ್ತಿದ್ರೆ?" ಉಸಿರು ತೆಗೆದುಕೊಂಡು, "ಮೊದಲು ಮದ್ದು ಮಾಡ್ಸು. ನನ್ನ ಮನೆ ಒಳಗೆ ಮಾತ್ರ ಇನ್ನು ಬೇಡ" ಎಂದರು.

ಕಾಂಚನಮಾಲಾ ಅವತ್ತೇ ಬಸ್ಸಿನಲ್ಲಿ ಹಳೇಬೀಡಿಗೆ ಬಂದಳು. ಮಗಳು ಚೆನ್ನಾಗಿದ್ದಳು. ಪಚ್ಚ ಸರಳಿನ ಮೇಲೆ ಕೂರಲಾಗದೆ ಪಂಜರದ ತಳದಲ್ಲಿತ್ತು. "ಕಾಳು ಮುಟ್ಟಾಕಿಲ್ಲ ಕಣಮ್ಮ, ನೀರೊಂದು ವಸಿ ಕುಡೀತೈತೆ" ಎಂದಳು ಸಣ್ಣತಾಯಮ್ಮ. ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು, ಪಂಜರವನ್ನು ಹಳೆಯ ಪಂಚೆಯಿಂದ ಮುಚ್ಚಿ, ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬೇಲೂರಿಗೆ ಹೊರಟಳು. ಮಾದಿಹಳ್ಳಿಯಲ್ಲಿ ಹತ್ತಿದ ಹೆಂಗಸರು ಪಂಚೆಯ ಕೆಳಗೆ ಏನಿದೆಯೆಂದು ಕೇಳಿದರು. ಅವಳು ಹೇಳಿದಳು, ಕಾಯಿಲೆಯೆಂದೂ ಹೇಳಿದಳು. ಅವಳ ಪಕ್ಕದ ಸೀಟು ಖಾಲಿಯಾಯಿತು.

ಬೇಲೂರಿನ ದನದ ಡಾಕ್ಟರು ಗಂಗಯ್ಯ ಒಂದು ಎತ್ತಿನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದರು. ಪಂಚೆ ಸರಿಸಿ ನೋಡಿ ನಕ್ಕರು, ಆಮೇಲೆ ನಗು ನಿಲ್ಲಿಸಿದರು.

"ಇದು ರಾಜಗಿಳಿನಾ, ಮಾಮೂಲಿನಾ?"

"ಎರಡೂ ಸಾರ್. ಬೆರಕೆ."

"ನೋಡಮ್ಮ, ನಾನು ಗಿಳಿಗೆ ಔಷಧಿ ಕೊಟ್ಟವನೇ ಅಲ್ಲ. ಅದರಲ್ಲೂ ಬೆರಕೆ ಹಕ್ಕಿ ಮೈ ಎಷ್ಟು ತಡೆಯುತ್ತೋ ನನಗೆ ಗೊತ್ತಿಲ್ಲ. ಕೋಳಿಗೆ ಕೊಡೋ ಟೆಟ್ರಾಸೈಕ್ಲಿನ್ ಪುಡಿ ಇದೆ. ತೂಕ ನೋಡಿ, ಕೋಳಿ ಲೆಕ್ಕದಲ್ಲೇ ಕೊಡ್ತೀನಿ. ಉಳಿದರೆ ಉಳೀತು."

"ಕೊಡಿ ಸಾರ್."

ಔಷಧಿ ತೂಗುವ ತಕ್ಕಡಿಯಲ್ಲಿ ಪಚ್ಚನನ್ನು ಬಟ್ಟೆ ಸಮೇತ ಇಟ್ಟು ತೂಗಿದರು. ಬರೀ ಕಡಲೆಕಾಯಿ ತಿನ್ನಿಸಿ ಸಾಕುವುದು ತಪ್ಪೆಂದೂ, ಸೊಪ್ಪು, ಪರಂಗಿ ಹಣ್ಣು, ಬೇಯಿಸಿದ ಕುಂಬಳಕಾಯಿ ಕೊಡಬೇಕೆಂದೂ, ಹಿಕ್ಕೆಯನ್ನು ನೀರು ಚಿಮುಕಿಸಿ ಒದ್ದೆ ಮಾಡದೆ ತೆಗೆಯಬಾರದೆಂದೂ ಹೇಳಿದರು. ಎದೆಯ ಬೋಳು ಜಾಗ ನೋಡಿ, "ಇದು ಮೈಕಾಯಿಲೆನೋ, ಒಂಟಿಯಾಗಿ ಕೂತು ಕೂತು ಬೇಜಾರಿಗೆ ಕಿತ್ಕೊಂಡಿದ್ದೋ ಹೇಳೋಕಾಗಲ್ಲ" ಎಂದರು.

ಹಿತ್ತಲಲ್ಲಿ ಕೊಟ್ಟಿಗೆಗೆ ದೂರವಾಗಿ, ತೆಂಗಿನಕಾಯಿ ರಾಶಿ ಹಾಕುತ್ತಿದ್ದ ಚಪ್ಪರದ ಒಂದು ಮೂಲೆಗೆ ಜೀವಂಧರ ತಂತಿಬಲೆ ಹೊಡೆಸಿಕೊಟ್ಟ. ಗಾಳಿ ಬಿಸಿಲು ಎರಡೂ ಬರುವ ಜಾಗ. ಅಲ್ಲಿ ಕಾಂಚನಮಾಲಾ ಒಬ್ಬಳೇ ಹೋಗುತ್ತಿದ್ದಳು. ಪುಡಿಯನ್ನು ಪರಂಗಿ ಹಣ್ಣಿನಲ್ಲಿ ಕಲಸಿ, ಮರಿಗೆ ತಿನ್ನಿಸುತ್ತಿದ್ದ ಹಾಗೆಯೇ ತಿನ್ನಿಸಿದಳು. ಅರ್ಧ ಉಗುಳಿತು, ಅರ್ಧ ನುಂಗಿತು. ಒಲೆಯ ಮೇಲೆ ಸಾರು ಕುದಿಯುವಾಗಲೂ ಎದ್ದು ಹೋಗಿ ನೋಡಿಬರುತ್ತಿದ್ದಳು. ಸಾರು ಎರಡು ಸಲ ಉಕ್ಕಿ ಒಲೆ ಆರಿತು. ಒಂದು ಬೆಳಿಗ್ಗೆ ಪಚ್ಚ ತಳದಲ್ಲಿರಲಿಲ್ಲ. ಬಲೆಗೆ ಕೊಕ್ಕು ಹಾಕಿ ಮೇಲೆ ಹತ್ತುತ್ತಿತ್ತು. ಅವಳು ಅಲ್ಲೇ ನೆಲದ ಮೇಲೆ ಕೂತುಬಿಟ್ಟಳು.

ಪುಕ್ಕ ಮಾತ್ರ ಪೂರ್ತಿ ಬರಲಿಲ್ಲ. ಮೋಡ ಮುಚ್ಚಿದ ದಿನ ಪಚ್ಚ ಮತ್ತೆ ಉಬ್ಬಿಕೊಂಡು ಕೂರುತ್ತಿತ್ತು. ಅಂಥ ದಿನ ಕಾಂಚನಮಾಲಾಳಿಗೆ ಅನ್ನ ಸೇರುತ್ತಿರಲಿಲ್ಲ. ಇಂಥ ಹಕ್ಕಿ ಎಷ್ಟು ವರ್ಷ ಬದುಕುತ್ತದೆಂದು ಗಂಗಯ್ಯನವರನ್ನು ಕೇಳಿದ್ದಕ್ಕೆ, "ಗೊತ್ತಿರೋರು ಯಾರೂ ಇಲ್ಲಮ್ಮ" ಎಂದಿದ್ದರು.

ಅರಸೀಕೆರೆಯಿಂದ ವಾಪಸಾಗಿ, ಮೈಯಲ್ಲಿ ಶಕ್ತಿ ಬಂದ ಮೇಲೆ ಧರ್ಮಾವತಿ ಬಸದಿಗೆ ಹೊರಟರು. ಒಬ್ಬರೇ ಹೋಗುತ್ತೇನೆಂದರೂ ಕಾಂಚನಮಾಲಾ ಜೊತೆಗೆ ಹೊರಟಳು. ಬಿಸಿಲು ಇನ್ನೂ ಎಳೆಯದಿತ್ತು. ಅತ್ತೆಯ ಉಸಿರು ಏರುತ್ತಿದೆಯೇ ಎಂದು ಅವಳು ಪಕ್ಕಕ್ಕೆ ನೋಡಿದಳು. ಹಿತ್ತಲಿನ ಅಗುಳಿ ಹಾಕಿದೆನೋ ಇಲ್ಲವೋ, ಬೆಕ್ಕು ನುಗ್ಗಿದರೆ, ಎಂದು ಹಿಂದಕ್ಕೆ ನೋಡಿದಳು. ಮತ್ತೆ ಪಕ್ಕಕ್ಕೆ ನೋಡಿದಳು.

"ಎಷ್ಟು ಸಲ ತಿರುಗಿ ನೋಡ್ತೀಯೇ?" ಎಂದರು ಧರ್ಮಾವತಿ. "ಕತ್ತು ಉಳುಕುತ್ತೆ. ಹೋಗಿ ನೋಡ್ಕೊಂಡು ಬಾ, ಇಲ್ಲೇ ಕೂತಿರ್ತೀನಿ."

ಅವರು ದಾರಿ ಬದಿಯ ಕಲ್ಲೊಂದರ ಮೇಲೆ ಕೂತರು. ಕಾಂಚನಮಾಲಾ ಒಂದು ಕ್ಷಣ ಅತ್ತೆಯ ಮುಖ ನೋಡಿದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಮನೆಯ ಕಡೆ ಬಿರಬಿರನೆ ನಡೆದಳು.